ನಾನು ಹಾಕದ ನನ್ನ ಗುರುತು

ಮನೆಯಲ್ಲಿ ದೆವ್ವದ ಸದ್ದು ಬರುತ್ತದೆ ಅಂತ ನನ್ನನ್ನು ಕರೆಸಿದವರು ಕಡಿಮೆ ಇಲ್ಲ. ನಾನು ಮಂತ್ರವಾದಿ ಅಲ್ಲ, ಬಡಗಿ. ಹೊಸ ಮನೆ ಕಟ್ಟಿದವರು ಗೃಹಪ್ರವೇಶದ ಅವಸರಕ್ಕೆ ಬಿದ್ದು ಹಸಿ ಮರದಲ್ಲೇ ಬಾಗಿಲು ಮಾಡಿಸಿಕೊಂಡಿರುತ್ತಾರೆ. ಆ ಮರ ಒಣಗುತ್ತಾ ಸೀಳು ಬಿಡುವಾಗ ಟಕ್ ಅನ್ನುತ್ತದೆ. ಅದಕ್ಕೆ ಇವರು ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡೆದು, ಕಡೆಗೆ ನನ್ನ ಹತ್ತಿರ ಬರುತ್ತಾರೆ. ಸೀಳಿನೊಳಗೆ ಉಗುರು ಇಟ್ಟು ತೋರಿಸಿ, "ಇಗಳ್ರಿ ನಿಮ್ಮ ದೆವ್ವ" ಅಂದು ನಕ್ಕು ಬರುವುದು ನನ್ನ ರೂಢಿ. ಮೂವತ್ತು ವರ್ಷ ಹಾಗೇ ನಕ್ಕಿದ್ದೇನೆ. ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಮ್ಮೂರು ಸೂಳೆಕೆರೆ ಮಗ್ಗುಲಿನದು. ಕೆಲಸಕ್ಕೆ ಮಾತ್ರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಅತ್ತ ಜಗಳೂರಿನ ತನಕ ತಿರುಗಿದ್ದೇನೆ. ಓದಿದ್ದು ಏಳನೇ ಕ್ಲಾಸಿನ ಅರ್ಧ. ನಮ್ಮ ಶಾಲೆಯಲ್ಲಿ ಒಂದು ತಗಡಿನ ಟ್ರಂಕಿನ ತುಂಬ ಕಥೆ ಪುಸ್ತಕ ಇದ್ದವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಅವರು ಪುಸ್ತಕ ನೋಡಲಿಲ್ಲ, ನನ್ನ ಕೈ ನೋಡಿದರು. "ಮೊದ್ಲು ಕೈ ತೊಳ್ಕಂಡು ಬಾ. ಆಮೇಲೆ ತಡವರಿಸದಂಗೆ ಒಂದು ಪುಟ ಓದಿ ತೋರ್ಸು, ಕೊಡ್ತೀನಿ" ಅಂದರು. ಹುಡುಗರೆಲ್ಲ ನಕ್ಕರು. ನಾನು ಕೈ ತೊಳೆದುಕೊಂಡೆ. ತೊಳೆದುಕೊಂಡು ಸೀದಾ ಮನೆಗೆ ಹೋದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅದರ ಬಗ್ಗೆ ನನಗೆ ಕೊರಗಿತ್ತು ಅಂತ ತಿಳಿಯಬೇಡಿ. ಓದಿದವರೆಲ್ಲ ಬಾಗಿಲು ಮಾಡಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಾರೆ ಅಂತ ಎದೆ ಉಬ್ಬಿಸಿ ಹೇಳುತ್ತಿದ್ದೆ. ನನ್ನ ಹೆಂಡತಿ ರತ್ನ ಒಂದು ಸಲ, "ಯಾರೂ ಕೇಳ್ದೇ ಇದ್ರೂ ಇದೊಂದು ಮಾತು ನೀವು ಹೇಳ್ತಾನೇ ಇರ್ತೀರಲ್ಲ, ಯಾಕೆ?" ಅಂತ ಕೇಳಿದ್ದಳು. ನಾನು ಚೀಲ ಹೆಗಲಿಗೆ ಹಾಕಿ ಕೆಲಸಕ್ಕೆ ಹೊರಟೆ.

ನಮ್ಮ ಕಸುಬಿನ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾನು ಕೆಲಸ ಕಲಿತದ್ದು ಹೊನ್ನಾಳಿಯ ಒಬ್ಬ ಮೇಸ್ತ್ರಿಯ ಕೈಕೆಳಗೆ. ಅವರ ಹತ್ತಿರ ಏಳೆಂಟು ಜನ ದುಡಿಯುತ್ತಿದ್ದೆವು. ಬಾಗಿಲಾಗಲಿ ಬೀರುವಾಗಲಿ, ಕೆಲಸ ಮುಗಿಸಿ, ಜೋಡಣೆ ಅಲ್ಲಾಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಮಗ್ಗುಲಲ್ಲಿ ಅವರವರ ಗುರುತು ಹಾಕಬೇಕು. ಹತ್ತು ವರ್ಷ ಬಿಟ್ಟು ಸಡಿಲವಾದರೂ ಅದು ಯಾರ ಕೈಕೆಲಸ ಅಂತ ಗೊತ್ತಾಗಬೇಕು. "ಗುರುತು ಹಾಕಿದ ಮೇಲೆ ನಂದಲ್ಲ ಅನ್ನಂಗಿಲ್ಲ. ನಂದಲ್ಲ ಅನ್ನೋನು ಉಳಿ ಮುಟ್ಟಂಗಿಲ್ಲ" ಅನ್ನುತ್ತಿದ್ದರು ಮೇಸ್ತ್ರಿ. ಅವರು ಹೋಗಿ ಬಹಳ ಕಾಲವಾಯಿತು. ಆ ಮಾತನ್ನು ನಾನು ಇವತ್ತಿನವರೆಗೂ ಮೀರಿಲ್ಲ ಅಂತ ಬರೆಯಲು ಆಸೆ. ಆದರೆ ಒಂದು ಸಲ ಮೀರಿದ್ದೇನೆ, ಅದೇ ಈ ಕಥೆ.

ನನ್ನ ಗುರುತು ಹೀಗಿದೆ. ಎರಡು ಅಡ್ಡ ಗೀಟು, ಅವೆರಡರ ನಡುವೆ ಒಂದು ಚುಕ್ಕೆ, ಕೆಳಗಿನ ಗೀಟಿನಿಂದ ಎಡಕ್ಕೆ ಇಳಿಯುವ ಒಂದು ಬಾಲ. ನಾನು ಎಡಚ, ಅದಕ್ಕೇ ಬಾಲ ಆ ಕಡೆ ವಾಲುತ್ತದೆ. ಮದುವೆಯಾಗಿ ಕೆಲ ಕಾಲಕ್ಕೆ ಗರಗಸದ ಮಿಷನ್ನು ನನ್ನ ಎಡಗೈ ತೋರುಬೆರಳಿನ ತುದಿ ತಿಂದ ಮೇಲೆ ಇನ್ನೊಂದು ಸೇರಿಕೊಂಡಿತು. ಬಾಲ ಎಳೆಯುವಾಗ ನಡುವೆ ಪೆನ್ಸಿಲ್ಲು ಒಂದು ಸಲ ಎಗರುತ್ತದೆ, ಅಲ್ಲಿ ಗೀಟು ತುಂಡಾಗುತ್ತದೆ. ಎಷ್ಟು ಪ್ರಯತ್ನಪಟ್ಟರೂ ನಿಲ್ಲಿಸಲು ಆಗುವುದಿಲ್ಲ. ಬೇರೆಯವರು ಬೇಕೆಂದರೂ ಆ ಎಗರನ್ನು ಹಾಕಲು ಆಗುವುದಿಲ್ಲ.

ನಾಲ್ಕೈದು ವರ್ಷದ ಹಿಂದೆ ಒಂದು ಲೈಬ್ರರಿಗೆ ರ‍್ಯಾಕು ಮಾಡುವ ಕೆಲಸ ಬಂತು. ಯಾವ ಊರಿನದು ಅಂತ ಹೇಳುವುದಿಲ್ಲ. ನಾನು ತಿರುಗುವ ಆ ನಾಲ್ಕು ತಾಲ್ಲೂಕಿನಲ್ಲಿ ಒಂದು ಅಂದುಕೊಳ್ಳಿ. ಅಲ್ಲಿನ ಮೇಡಮ್ಮನಿಗೆ ನನ್ನಿಂದ ತೊಂದರೆ ಆಗಬಾರದು. ಅವರ ಹೆಸರು ಶಾಹಿದಾ. ಐವತ್ತರ ಮೇಲಿನ ಹೆಂಗಸು, ಮಾತು ಚುರುಕು. ಹಳೇ ರ‍್ಯಾಕುಗಳಿಗೆ ಗೆದ್ದಲು ಹತ್ತಿ, ಪುಸ್ತಕವನ್ನೆಲ್ಲ ಕೆಳಗೆ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದ್ದರು. ಸೋಮವಾರ, ಲೈಬ್ರರಿಗೆ ರಜಾ ಇರುವ ದಿನ, ಶುರು ಮಾಡಿದೆ. ಬೆಳಿಗ್ಗೆ ಬೇಗ ಬಂದು ಕೆಲಸ ಹಿಡಿಯುವವನು ನಾನು, ಅದಕ್ಕೆ ಅವರು ಮೊದಲ ದಿನವೇ ಕೀಲಿ ನನ್ನ ಕೈಗೆ ಕೊಟ್ಟರು. ನನಗೆ ಕೀಲಿ ಕೊಡುವುದು ಹೊಸದೇನಲ್ಲ. ಬಂಗಾರ ಬೀರುವಿನಲ್ಲಿಟ್ಟು ಮನೆ ನನಗೆ ಬಿಟ್ಟು ಮದುವೆಗೆ ಹೋದವರಿದ್ದಾರೆ.

ಕೆಲಸದ ನಡುವೆ ಮೇಡಂ ತಮ್ಮ ಓದುಗರ ಮಾತು ತೆಗೆದರು. ವಯಸ್ಸಾದವರಿಗೆ ಯಾವುದು ಓದಿದ್ದು, ಯಾವುದು ಓದಿಲ್ಲ ಅನ್ನೋದು ನೆನಪಿರುವುದಿಲ್ಲವಂತೆ. ಅದಕ್ಕೆ ಓದಿ ಮುಗಿಸಿದ ಪುಸ್ತಕದಲ್ಲಿ ಗುಟ್ಟಾಗಿ ಒಂದು ಗುರುತು ಮಾಡಿಬಿಡುತ್ತಾರಂತೆ.

"ಹನ್ನೊಂದನೇ ಪುಟದ ನಂಬರಿಗೆ ಸುತ್ತು ಹಾಕೋರು ರಿಟೈರಾದ ಕಂಡಕ್ಟರ್ರು. ಮೂಲೇಲಿ ಹೂವು ಬಿಡ್ಸೋದು ಟೈಲರ್ ಅಂಗಡಿ ಅಮ್ಮ. ಎಲ್ಲರದ್ದೂ ನಂಗೆ ಗೊತ್ತೈತೆ ಮೇಸ್ತ್ರೀ, ಒಬ್ಬಂದು ಬಿಟ್ಟು. ಆ ಮನುಷ್ಯ ಸಿಕ್ರೆ ಮೊದ್ಲು ಬೈತೀನಿ, ಆಮೇಲೆ ಟೀ ಕುಡಿಸ್ತೀನಿ. ಬಾಲವಾಡಿ ಪುಸ್ತಕದಿಂದ ಹಿಡಿದು ಮುದುಕರ ಮಂಡಿನೋವಿನ ಪುಸ್ತಕದ ತನಕ ಯಾವ್ದೂ ಬಿಟ್ಟಿಲ್ಲ!"

ನಾನು ಹೂಂ ಅಂದು ಹಲಗೆಗೆ ಕೀಸುಳಿ ಹಾಕುತ್ತಿದ್ದೆ. ಪುಸ್ತಕದ ಹುಚ್ಚಿನವರ ಮಾತು ನನಗ್ಯಾಕೆ?

ಮೂರನೇ ದಿನ ಮೊದಲ ರ‍್ಯಾಕು ಮುಗಿಯಿತು. ಅಲ್ಲಾಡಿಸಿ ನೋಡಿದೆ, ಗೋಡೆ ಇದ್ದ ಹಾಗಿತ್ತು. ಅಡ್ಡ ಮಲಗಿಸಿ, ಕೆಳ ಹಲಗೆಯ ಅಡಿಯಲ್ಲಿ ಗುರುತು ಹಾಕಿದೆ. ಹಿಂದಿನಿಂದ ಮೇಡಂ, "ಯಾ ಅಲ್ಲಾ, ನೀವೇನ್ರೀ ಅದು!" ಅಂತ ಕೂಗಿದರು. ಓಡಿಹೋಗಿ ಗುಡ್ಡೆಯಿಂದ ಒಂದು ಪುಸ್ತಕ ತಂದು, ಕೊನೆಯ ಪುಟ ತೆಗೆದು ನನ್ನ ಮುಖಕ್ಕೆ ಹಿಡಿದರು. ದನಗಳ ರೋಗದ ಮೇಲಿನ ಪುಸ್ತಕ. ಕೊನೆಯ ಪುಟದ ಒಳಮೂಲೆ, ಹೊಲಿಗೆಯ ಹತ್ತಿರ, ಯಾರ ಕಣ್ಣಿಗೂ ಬೀಳದ ಜಾಗ. ಎರಡು ಗೀಟು, ಚುಕ್ಕೆ, ಎಡಕ್ಕೆ ಬಾಲ, ಬಾಲದ ನಡುವೆ ಆ ಎಗರು. ಗೀಟು ಕೂಡ ದಪ್ಪ, ನಮ್ಮ ಬಡಗಿ ಪೆನ್ಸಿಲ್ಲಿನದು.

ಬಾಯಿಗೆ ಬಂದದ್ದು ಒಂದೇ ಮಾತು. "ಅದು ನಂದಲ್ಲ ಮೇಡಂ."

"ಅಯ್ಯ, ಓದಿದ್ದಕ್ಕೆ ಯಾರಾದ್ರೂ ನಾಚ್ಕಂತಾರೇನ್ರೀ?"

"ನಾನು ಈ ಹೊಸ್ತಿಲು ತುಳಿದಿದ್ದೇ ಸೋಮವಾರ. ನನ್ನ ಜನ್ಮದಾಗೆ ಒಂದು ಪುಸ್ತಕ ಪೂರ್ತಿ ಓದಿಲ್ಲ ನಾನು."

ಅವರ ಮುಖದ ನಗು ಹೋಯಿತು. ಇನ್ನೊಂದು ಪುಸ್ತಕ ತೆಗೆದರು, ಅಡುಗೆಯದು. ಅದರಲ್ಲೂ ಇತ್ತು. ಮತ್ತೊಂದು, ನಕ್ಷತ್ರಗಳದ್ದು. ಅದರಲ್ಲೂ. "ಹಂಗಾದ್ರೆ ಎರಡೇ ಉಳೀತು. ಮೊದ್ಲಿಂದ ಇದ್ದ ಬೇರೆ ಯಾರದೋ ಗುರುತು ನೋಡಿ, ಅದನ್ನೇ ರ‍್ಯಾಕಿಗೂ ಹಾಕಿ ನನ್ನ ಜೊತೆ ತಮಾಷೆ ಮಾಡ್ತಿದೀರಿ. ಇಲ್ಲಾ, ಈ ಮೂರು ದಿನ ಕೀಲಿ ತಗಂಡು ಬಂದು ಕೂತು ಅದನ್ನೇ ಇನ್ನಷ್ಟು ಪುಸ್ತಕಕ್ಕೆ ಗೀಚಿದೀರಿ. ಎರಡ್ರಾಗೆ ಯಾವ್ದು ಹೇಳ್ರಿ."

ಎರಡೂ ಅಲ್ಲ ಅಂದೆ. ಅವರು ಕೈ ಚಾಚಿದರು. "ಕೀಲಿ ಕೊಟ್ಬಿಡ್ರಿ ಮೇಸ್ತ್ರೀ. ನಾಳೆಯಿಂದ ನಾನು ಬಂದ ಮೇಲೆ ಬರ್ರಿ."

ನನ್ನ ಕೈಯಿಂದ ಯಾರೂ ಕೀಲಿ ವಾಪಸ್ ಕೇಳಿರಲಿಲ್ಲ. ಜೇಬಿನಿಂದ ತೆಗೆದು ಕೊಡುವಾಗ ನನ್ನ ಮುಖ ಹೇಗಿತ್ತೋ, ಅವರು ಬೇರೆ ಕಡೆ ನೋಡಿದರು.

ಅವತ್ತು ಊರಿಗೆ ಬಂದರೂ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ಮನೆ ಬಾಗಿಲ ಹಿಂದೆ, ಮಂಚದ ಕೆಳಗೆ, ದೇವರ ಮಂಟಪದ ಅಡಿಯಲ್ಲಿ ಇಣುಕಿ ನನ್ನ ಗುರುತುಗಳನ್ನು ನೋಡಿದೆ. ಎಲ್ಲೂ ಒಂದು ಕೂದಲಷ್ಟು ವ್ಯತ್ಯಾಸ ಇರಲಿಲ್ಲ. ಮುದ್ದೆ ಮುಂದಿಟ್ಟುಕೊಂಡು ರತ್ನಳಿಗೆ ಎಲ್ಲ ಹೇಳಿದೆ. ಅವಳು ಕೀಲಿ ವಿಷಯಕ್ಕೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ನಿಮ್ಮ ಗುರುತು ನೋಡಿ ನೀವೇ ನಂದಲ್ಲ ಅಂದ್ರಾ?"

ಮುದ್ದೆ ಹಾಗೇ ಬಿಟ್ಟು ಕೈ ತೊಳೆದುಕೊಂಡೆ.

ಮರುದಿನ ಮೇಡಂ ಬರುವ ತನಕ ಲೈಬ್ರರಿ ಮೆಟ್ಟಿಲ ಮೇಲೆ ಕಾದು ಕೂತಿದ್ದೆ. ಒಳಗೆ ಹೋಗಿ ಕೆಲಸ ಹಿಡಿದರೆ ಅಳತೆ ತಲೆಯಲ್ಲಿ ನಿಲ್ಲಲಿಲ್ಲ. ಒಂದು ಹಲಗೆಯನ್ನು ಎರಡು ಇಂಚು ಗಿಡ್ಡ ಕೊಯ್ದೆ. ಕೆಲಸ ಕಲಿಯುವಾಗಲೂ ನಾನು ಹಾಗೆ ಕೊಯ್ದವನಲ್ಲ. ಗರಗಸ ಕೆಳಗಿಟ್ಟು ಹೇಳಿದೆ, "ಮೇಡಂ, ಇದು ತೀರ್ಮಾನ ಆಗೋ ತನಕ ನನ್ನ ಕೈಲಿ ಕೆಲಸ ಆಗಲ್ಲ. ಪುಸ್ತಕ ಎಲ್ಲಾ ನೋಡಾಣ. ನೀವು ಮುಂದೆ ಇರ್ರಿ, ನಾನು ಪುಟ ತಿರುವ್ತೀನಿ. ನನ್ನ ಪೆನ್ಸಿಲ್ಲು ನಿಮ್ಮ ಟೇಬಲ್ ಮೇಲೆ ಇರ್ಲಿ."

ಅವರು ಒಪ್ಪಿದರು. ಟಾರ್ಪಾಲಿನ ಮೇಲೆ ಎದುರುಬದುರು ಕೂತೆವು. ಒಂದು ಕೋಣೆಯಲ್ಲಿ ಅಷ್ಟು ತರಹದ ಪುಸ್ತಕ ಇರುತ್ತವೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಬರೀ ಚಿತ್ರದವು, ಅಂಗೈ ಅಗಲದ ಒಗಟಿನವು, ರಟ್ಟು ಹರಿದ ಪತ್ತೇದಾರಿ ಕಥೆ, ಪರೀಕ್ಷೆಗೆ ಓದುವ ಹುಡುಗರ ಇಟ್ಟಿಗೆಯಂಥ ಗೈಡು, ಅಣಬೆ ಬೆಳೆಯುವುದು, ಹಾವು ಕಚ್ಚಿದರೆ ಏನು ಮಾಡುವುದು, ಸಮುದ್ರದ ಮೇಲೆ ಹೋದವರ ಕಥೆ, ಬಸುರಿಯರ ಆರೋಗ್ಯ, ದಪ್ಪಕ್ಷರದ ಪುರಾಣ. ಎಲ್ಲದರಲ್ಲೂ ಗುರುತು ಇರಲಿಲ್ಲ. ಆದರೆ ಎಲ್ಲ ತರಹದ ಪುಸ್ತಕದಲ್ಲೂ ಇತ್ತು. ಮೇಡಂ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ರಿಜಿಸ್ಟರು ತೆಗೆದು ತಾಳೆ ನೋಡಿದರು. ಗುರುತಿದ್ದ ಪುಸ್ತಕಗಳನ್ನೆಲ್ಲ ಒಯ್ದ ಒಬ್ಬನೇ ಮನುಷ್ಯ ಅದರಲ್ಲಿ ಇರಲಿಲ್ಲ. ಕೆಲವನ್ನು ಯಾರೂ ಒಯ್ದೇ ಇರಲಿಲ್ಲ.

ಆವಾಗ ನಾನು ಇನ್ನೊಂದು ಕಂಡೆ. ಮೇಡಮ್ಮನಿಗೆ ಹೇಳಲಿಲ್ಲ. ಮಕ್ಕಳ ಪುಸ್ತಕದಲ್ಲಿದ್ದ ಗುರುತು ದೊಡ್ಡದು, ವಕ್ರ. ಪೆನ್ಸಿಲ್ಲನ್ನು ಎಷ್ಟು ಒತ್ತಿದ್ದರೆಂದರೆ ಹಾಳೆಯ ಹಿಂದೆ ಬೆರಳಿಗೆ ಗೀಟು ತಗಲುತ್ತಿತ್ತು. ಬಾಲದಲ್ಲಿ ಎಗರು ಇರಲಿಲ್ಲ. ಹೊನ್ನಾಳಿಗೆ ಹೋದ ಹೊಸದರಲ್ಲಿ ನಾನು ಹಾಗೇ ಒತ್ತಿ ಹಾಕುತ್ತಿದ್ದೆ, ಮೇಸ್ತ್ರಿ ಬೈಯುತ್ತಿದ್ದರು. ಪತ್ತೇದಾರಿ, ಸಾಹಸದ ಕಥೆಗಳಲ್ಲಿ ಗುರುತು ನೀಟಾಗಿತ್ತು, ಮದುವೆಗೆ ಮೊದಲಿನ ನನ್ನ ಕೈ ಇದ್ದ ಹಾಗೆ. ದನದ ರೋಗ, ಅಡುಗೆ, ನಕ್ಷತ್ರ, ಇಂಥವುಗಳಲ್ಲಿ ಎಗರು ಬಂದಿತ್ತು. ಪುಸ್ತಕವನ್ನು ಓದುವವರ ವಯಸ್ಸಿನ ಪ್ರಕಾರ ಜೋಡಿಸುತ್ತಾ ಹೋದರೆ ನನ್ನ ಕೈಗೂ ವಯಸ್ಸಾಗುತ್ತಾ ಬರುತ್ತಿತ್ತು.

ಮಧ್ಯಾಹ್ನ ಹೊಸ ಪುಸ್ತಕದ ಒಂದು ಕಟ್ಟು ಬಂತು. ತಂದವನು ಬಾಗಿಲಲ್ಲೇ ಇಳಿಸಿ ಸಹಿ ಹಾಕಿಸಿಕೊಂಡು ಹೋದ. ನಾನು ಅದನ್ನು ಮುಟ್ಟಲಿಲ್ಲ. ಮೇಡಂ ಕಟ್ಟಿನ ದಾರ ಕತ್ತರಿಸುತ್ತಾ, "ಇವನ್ನಾದ್ರೂ ಬಿಟ್ಟುಬಿಡ್ರಪ್ಪ" ಅಂತ ಕುಟುಕಿದರು. ಹೊಸ ಪುಸ್ತಕ ಬಂದರೆ ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು ಲೈಬ್ರರಿ ಸೀಲು ಒತ್ತುವುದು ಅವರ ಕ್ರಮ. ಒತ್ತುತ್ತಾ ಹೋದರು. ನಾಲ್ಕನೆಯದೋ ಐದನೆಯದೋ, ತೆಳ್ಳಗಿನ ಒಂದು ಚಿತ್ರದ ಪುಸ್ತಕ. ಅದರ ಕೊನೆಯ ಎರಡು ಹಾಳೆ ಅಂಚಿನಲ್ಲಿ ಕತ್ತರಿಸದೆ ಕೂಡಿಕೊಂಡೇ ಬಂದಿದ್ದವು. ಸ್ಕೇಲು ತೂರಿಸಿ ಸೀಳಿದರು. ಸೀಲು ಎತ್ತಿದ ಕೈ ಹಾಗೇ ನಿಂತಿತು.

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಈಗ ತಾನೇ ಬಿಡಿಸಿದ ಹಾಳೆಯ ಒಳಮೂಲೆಯಲ್ಲಿ ಅದು ಇತ್ತು. ಎರಡು ಗೀಟು, ಚುಕ್ಕೆ, ಬಾಲ, ಎಗರು. ಆದರೆ ಗೀಟುಗಳು ನೆಟ್ಟಗಿರಲಿಲ್ಲ. ಇರುವೆ ಹರಿದ ಹಾಗೆ ಸಣ್ಣಗೆ ನಡುಗಿದ್ದವು. ಪುಸ್ತಕ ಬಾಲವಾಡಿ ಮಕ್ಕಳದು, ಗುರುತು ಮಾತ್ರ ಕೈ ನಡುಗುವ ಮುದುಕನೊಬ್ಬ ಬಹಳ ಹುಷಾರಾಗಿ, ನಿಧಾನವಾಗಿ ಹಾಕಿದ್ದು.

ನಾನು ಎಡಗೈ ಚಾಚಿ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ಆಮೇಲೆ ಮೇಡಂ ಎದ್ದು ಬ್ಯಾಗಿನಿಂದ ಕೀಲಿ ತೆಗೆದು, ನನ್ನ ಪೆನ್ಸಿಲ್ಲಿನ ಪಕ್ಕ ಇಟ್ಟರು. "ತಪ್ಪಾಯ್ತು ಮೇಸ್ತ್ರೀ. ಸುಳ್ಳು ಹೇಳ್ತೀರಿ ಅಂದ್ಕಂಡೆ" ಅಂದರು. ಕೀಲಿ ಸಿಕ್ಕಿದರೆ ಮನಸ್ಸು ಹಗುರ ಆಗುತ್ತದೆ ಅಂತ ನಾನು ತಿಳಿದಿದ್ದೆ. ಆಗಲಿಲ್ಲ. ಯಾಕಂದರೆ ನಾನು ಸುಳ್ಳು ಹೇಳಿದ್ದು ನಿಜವೇ ಆಗಿತ್ತು. ಆ ಗುರುತು ಯಾರು ಹಾಕಿದರೋ ಗೊತ್ತಿಲ್ಲ. ಆದರೆ ನನ್ನದಲ್ಲ ಅಂತ ಹೇಳಲು ನನಗೆ ಬಾಯಿಲ್ಲ. ನನ್ನ ಕೈಯನ್ನು ನಾನು ಅರಿಯೆನೇ?

"ಗುರುತು ನಂದೇ ಮೇಡಂ," ಅಂದೆ. "ಕೆಲಸ ನಂದಲ್ಲ."

ರ‍್ಯಾಕುಗಳನ್ನು ಹೇಗೋ ಮುಗಿಸಿದೆ. ಅಡಿಯಲ್ಲಿ ಗುರುತು ಹಾಕುವಾಗ ಪ್ರತಿ ಸಲವೂ ಒಂದು ಕ್ಷಣ ಕೈ ತಡೆಯಿತು. ಆಮೇಲೆ ಊರೂರು ತಿರುಗಿ ವಿಚಾರಿಸಿದೆ. ಹೊನ್ನಾಳಿಯಲ್ಲಿ ನನ್ನ ಜೊತೆ ಕಲಿತವರನ್ನು, ಜಗಳೂರಿನಲ್ಲಿ ಜೊತೆಗೆ ದುಡಿದವರನ್ನು ಕೇಳಿದೆ. ನನ್ನ ಗುರುತು ಬೇರೆ ಯಾರಾದರೂ ಹಾಕುವುದು ಕಂಡಿದ್ದೀರಾ ಅಂತ. ಉಬ್ರಾಣಿ ಕಡೆಯ ಹಳೇ ಜೊತೆಗಾರನೊಬ್ಬ, "ನಿನ್ನ ಸೊಟ್ಟ ಬಾಲ ಯಾರಿಗೆ ಬೇಕಲೇ?" ಅಂತ ನಕ್ಕ. ನಿದ್ದೆಗಣ್ಣಲ್ಲಿ ನಾನೇ ಎದ್ದು ಹೋಗಿ ಹಾಕಿದೆನೇ ಅಂದರೆ, ಲೈಬ್ರರಿ ನಮ್ಮೂರಿಂದ ಎರಡು ಬಸ್ಸು ದೂರ. ಅದೂ ಹೋಗಲಿ, ಸೀಳದ ಹಾಳೆಯೊಳಗೆ ಪೆನ್ಸಿಲ್ಲು ಹೇಗೆ ಹೋಗುತ್ತದೆ? ಹಸಿ ಮರದ ಸೀಳು ತೋರಿಸಿದ ಹಾಗೆ ಇದರ ಸೀಳು ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಯಿತು.

ಕಡೆಗೆ ದಾರಿ ತೋರಿಸಿದ್ದು ಹೊನ್ನಾಳಿ ಮೇಸ್ತ್ರಿಯ ಹಳೇ ಮಾತು. ಗುರುತು ಬಿದ್ದ ಮೇಲೆ ನಂದಲ್ಲ ಅನ್ನುವ ಹಾಗಿಲ್ಲ. ಅಂದರೆ ಕೆಲಸವನ್ನಾದರೂ ನನ್ನದು ಮಾಡಿಕೊಳ್ಳಬೇಕು. ಒಂದು ಶನಿವಾರ ಲೈಬ್ರರಿಗೆ ಹೋಗಿ ಸದಸ್ಯನಾದೆ. ಮೇಡಂ ಗುರುತಿದ್ದ ಪುಸ್ತಕಗಳನ್ನೆಲ್ಲ ನಾನೇ ಮಾಡಿದ ಮೊದಲ ರ‍್ಯಾಕಿನಲ್ಲಿ ಬೇರೆಯಾಗಿ ಇಟ್ಟಿದ್ದರು. ಮೇಲಿನ ಎಡ ತುದಿಯಿಂದ ಶುರು ಮಾಡಿದೆ. ಮೊದಲನೆಯದು ಒಗಟಿನ ಪುಸ್ತಕ. ಒಳಗೆ ಹೋಗುವ ಮೊದಲು ನಲ್ಲಿಯಲ್ಲಿ ಕೈ ತೊಳೆದುಕೊಂಡಿದ್ದೆ, ಯಾರೂ ಹೇಳದೆಯೇ. ನಾನು ಓದುವಾಗ ತುಟಿ ಅಲ್ಲಾಡುತ್ತದೆ. ಎದುರು ಬೆಂಚಿನ ಹುಡುಗಿಯೊಂದು ನನ್ನನ್ನು ಅಣಕಿಸಿ ಗೆಳತಿಗೆ ತೋರಿಸಿತು. ನಕ್ಕುಕೊಳ್ಳಲಿ, ನಾನು ಎದ್ದು ಹೋಗಲಿಲ್ಲ.

ಈಗ ಮೂರು ಹಲಗೆಯ ಪುಸ್ತಕ ಮುಗಿದಿವೆ. ಅಣಬೆ ಬೆಳೆಯುವುದು ಗೊತ್ತು, ನಕ್ಷತ್ರ ಗೊತ್ತು, ಸಮುದ್ರದವರ ಕಥೆ ಓದಿ ಎರಡು ದಿನ ಮನೆಯಲ್ಲಿ ಅದೇ ಮಾತಾಡಿದೆ. "ಓದಿದೋರು ಬಾಗಿಲು ಮಾಡಿಸಾಕೆ ನನ್ನ ಹತ್ರ ಬರ್ತಾರೆ ಅನ್ನೋದನ್ನ ಬಿಟ್ರಿ, ಈಗ ಇದನ್ನ ಹಿಡಿದ್ರಿ" ಅಂತ ರತ್ನ ಅಂದಳು. ಪುಸ್ತಕ ಮುಗಿಸಿದಾಗ ಕೊನೆಯ ಪುಟಕ್ಕೆ ಬರುತ್ತೇನೆ. ನಾನು ಹಾಕಬೇಕಾದ ಗುರುತು ಅಲ್ಲಿ ಮೊದಲೇ ಇರುತ್ತದೆ. ಅದರ ಮೇಲೆ ಬೆರಳು ಇಟ್ಟು ಮುಚ್ಚಿ ವಾಪಸ್ ಕೊಡುತ್ತೇನೆ.

ಆ ಚಿತ್ರದ ಪುಸ್ತಕ ಮಾತ್ರ ಹಾಗೇ ಇದೆ. ಮೇಡಂ ಅದನ್ನು ರ‍್ಯಾಕಿಗೆ ಇಡದೆ ತಮ್ಮ ಟೇಬಲ್ಲಿನ ಡ್ರಾದಲ್ಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ಹೋದಾಗ, "ಅದೊಂದು ಯಾಕೆ ಬಿಟ್ಟಿದೀರಿ ಮೇಸ್ತ್ರೀ? ಬಾಲವಾಡಿ ಮಕ್ಳು ಒಂದು ಟೀ ಕುಡಿಯೋದ್ರಾಗೆ ಮುಗಿಸ್ತಾರೆ" ಅಂದರು. ನಾನು, "ಇರ್ಲಿ ಬಿಡ್ರಿ ಮೇಡಂ. ಗುರುತು ನಂದೇ, ನಾನೇ ಮುಗಿಸ್ತೀನಿ. ಅವಸರ ಇಲ್ಲ" ಅಂದೆ. ಅವರು ನನ್ನ ಕೈ ನೋಡಿದರು. ಆಮೇಲೆ ಡ್ರಾಕ್ಕೆ ಬೀಗ ಹಾಕಿದರು.

ಅದು ಏನು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಯಾರಿಗಾದರೂ ತಿಳಿದಿದ್ದರೆ ಹೇಳಿ, ನಗುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಈಗ ಒಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಒಂದು ಚೂರು ಹಲಗೆ ತೆಗೆದುಕೊಂಡು ಗುರುತು ಹಾಕಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಎರಡು ಗೀಟು, ಚುಕ್ಕೆ, ಬಾಲ. ನಡುವೆ ಪೆನ್ಸಿಲ್ಲು ಒಂದು ಸಲ ಎಗರುತ್ತದೆ, ಅದು ಬೆರಳಿನ ದೋಷ. ಉಳಿದದ್ದು ಇನ್ನೂ ನೆಟ್ಟಗಿದೆ, ಆ ಚಿತ್ರದ ಪುಸ್ತಕದ ನಡುಕ ಬಂದಿಲ್ಲ. ಆಮೇಲೆ ಕೀಸುಳಿಯಿಂದ ಅದನ್ನು ಉಜ್ಜಿ ಹಾಕಿ, ಅವತ್ತಿನ ಕೆಲಸ ಶುರು ಮಾಡುತ್ತೇನೆ.